ಹೊಸ ಎತ್ತಿಗೆ ಹೊಸ ಹಗ್ಗ

ಪಕ್ಕದ ಮನೆಯ ಮಾವನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳೊಡನೆ ಮುನಿಸಿಕೊಂಡಂತೆ ದೂರ ನಿಂತಿತ್ತು. ಹಗ್ಗ ಹೊಸೆಯುವಾಗ ನಾರಿನ ತುದಿಯನ್ನು ಅದಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದರು. ಬುಡದಲ್ಲಿ ಗೀರು ಬಿದ್ದು ಚರ್ಮ ಜಡ್ಡುಗಟ್ಟಿತ್ತು. ನಮ್ಮೂರು ಭೇರ್ಯದಲ್ಲಿದ್ದ ಅವರ ಜಗಲಿಯನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಬೆರಳು. ಮುಖವನ್ನು ಆಮೇಲೆ ನಾನೇ ಸೇರಿಸಿಕೊಂಡಿದ್ದೇನೋ ಏನೋ.

ಗದ್ದೆ ಕೆಲಸ ಮುಗಿಸಿ ಕೂತರೆ ಕತ್ತಾಳೆ ನಾರಿಗೆ ಬಣ್ಣ ಹಾಕಿ ಎತ್ತಿನ ಕೊರಳಿಗೆ ಹಗ್ಗ ಹೊಸೆಯುವುದು ಅವರ ಗೀಳು. ಹಾವಿನ ಮೈಯಂಥ ಹೆಣಿಗೆ, ತುದಿಗೆ ಉಣ್ಣೆಯ ಕುಚ್ಚು. ಮನೆಯಲ್ಲಿದ್ದದ್ದು ಎರಡೇ ಎತ್ತು, ಹಗ್ಗ ಮಾತ್ರ ಅಟ್ಟದ ತುಂಬ. ಅವನ್ನು ಮಾರುತ್ತೇನೆ ಎಂದು ಒಂದು ದಿನ ಅವರೆಂದಾಗ ಅವರ ಅಣ್ಣ ಸಿಡಿದುಬಿದ್ದರು. ಭೂಮಿಯಿದ್ದವರು ಸಂತೆಯಲ್ಲಿ ಹಗ್ಗ ಹರವಿಕೊಂಡು ಕೂರುವುದೇ? ಮಾವ ಪಟ್ಟು ಬಿಡದಿದ್ದಾಗ ಷರತ್ತು ಹಾಕಿದರು.

"ಒಂದೇ ಸಂತೆ ಕಣ್ಲಾ. ವಾಪಸ್ ಒತ್ಕೊಂಡ್ ಬಂದ್ರೆ ಎಲ್ಲಾ ಒಲೆಗೆ ಆಕ್ತೀನಿ. ಆಮೇಲೆ ನೀನು ನಾರು ಮುಟ್ಟಂಗಿಲ್ಲ."

"ಆಗ್ಲಿ ಬುಡಣ್ಣ" ಎಂದರು ಮಾವ.

ಎಂ.ಎ. ಓದುತ್ತ ರಜೆಗೆ ಬಂದಿದ್ದ ನಾನೂ ಗಾಡಿ ಹತ್ತಿದೆ. ಹುಣಸೂರಿನ ಸಂತೆಯೋ ಕೆ.ಆರ್. ನಗರದ್ದೋ, ಈಗ ಖಚಿತವಿಲ್ಲ. ಬಾವಿ ಹಗ್ಗ ಮಾರುವವರ ಸಾಲಿನಲ್ಲಿ ಕೂತೆವು. ತಪ್ಪಾದದ್ದು ಅಲ್ಲೇ. ಬಂದವರು ಮುಟ್ಟಿ ನೋಡಿ ನಕ್ಕು ಹೋದರು.

"ಏನ್ ಯಜಮಾನ್ರೇ, ಎತ್ಗೆ ಮದ್ವೆ ಇಟ್ಕೊಂಡಿದ್ದೀರಾ?" ಎಂದ ಒಬ್ಬ.

"ಊ ಕಣಪ್ಪ, ಹೆಣ್ಣಿನ ಕಡೆಯೋರು ಇನ್ನೂ ಒಪ್ಪಿಲ್ಲ" ಎಂದರು ಮಾವ.

ನಗಿಸಿದರೇನು, ಮಧ್ಯಾಹ್ನವಾದರೂ ಒಂದೂ ಹೋಗಲಿಲ್ಲ.

ನಮ್ಮ ಕಡೆ ಎತ್ತು ಮಾರಿದವನು ಅದರ ಹಗ್ಗ ಕೊಡುವುದಿಲ್ಲ. ಕೊಟ್ಟರೆ ಕೊಟ್ಟಿಗೆಯ ಅದೃಷ್ಟವೂ ಹಿಂದೆಯೇ ಹೊರಟುಹೋಗುತ್ತದೆಂಬ ನಂಬಿಕೆ. ಕೊಂಡವನು ತನ್ನದೇ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕು. ಆಚೆ ದನದ ಸಂತೆಯ ಮರದಡಿ ಒಂದು ಎತ್ತಿನ ವ್ಯಾಪಾರ ಕುದುರಿ, ಮಾರಿದವನು ಹಗ್ಗ ಬಿಚ್ಚಿಕೊಳ್ಳುತ್ತಿದ್ದ. ಕೊಂಡಾತ ಚೀಲದಿಂದ ತೆಗೆದದ್ದು ತೆಂಗಿನ ನಾರಿನ ಒಂದು ತುಂಡು.

ಮಾವ ಎದ್ದೇಬಿಟ್ಟರು. "ನಿಲ್ಲಣ್ಣೋ! ರಾಜನಂಗಿರೋ ಎತ್ಗೆ ಆ ಬಾವಿ ಹಗ್ಗ ಬಿಗೀತೀಯಲ್ಲ, ಊರೋರು ಏನಂದಾರು?" ಎನ್ನುತ್ತ ಓಡಿ, ತಮ್ಮ ಕೆಂಪು ಹಗ್ಗವನ್ನು ಅದರ ಕೊರಳಿಗೆ ಇಳಿಬಿಟ್ಟರು. ಕೆಂಪೇ ಇರಬೇಕು. ಬಿಳಿ ಎತ್ತು ಕತ್ತು ಕೊಡವಿತು, ಕುಚ್ಚು ಕುಣಿಯಿತು. ಕೊಂಡಾತ ಹಿಂದೆ ಸರಿದು ನಿಂತು ನೋಡಿದ.

"ಇದರ ಜೋಡೀಗೂ ಒಂದ್ ಕೊಡಿ" ಎಂದ.

ನಾವು ಅಂಗಡಿಯನ್ನೇ ಮರದಡಿಗೆ ಎತ್ತಿಕೊಂಡು ಹೋದೆವು. ಕೊನೆಯ ಹಗ್ಗಕ್ಕೆ ಇಬ್ಬರು ಜಗಳವಾಡಿದರೆಂದು ನೆನಪು. ಪ್ರಮಾಣ ಮಾಡಿ ಹೇಳಲಾರೆ. ಸಂಜೆ ಬರಿಗಾಡಿಯಲ್ಲಿ ಮಾವ ಊರು ಮುಟ್ಟುವವರೆಗೂ ಹಾಡಿದ್ದು ಮಾತ್ರ ನಿಜ. ಮುಂದೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರೂ ಅವರ ಹಗ್ಗ ಕೇಳಿಕೊಂಡು ಬಂದರು.

ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಅಚ್ಚಿನ ಮೊಳೆ ಜೋಡಿಸುವ ಹುಚ್ಚಿಗೆ ಬಿದ್ದು ನಾನು ಮೇಷ್ಟರ ಕೆಲಸ ಬಿಟ್ಟು ಅಚ್ಚುಕೂಟ ತೆರೆದದ್ದು ಅವರು ಕೊಟ್ಟ ಧೈರ್ಯದಿಂದ. ನೆನಪು ಎಷ್ಟು ಬೆರಕೆಯಾದರೂ ಇದೊಂದು ನಾನು ಕಣ್ಣಾರೆ ಕಂಡದ್ದು: ಆ ಸಂತೆಯ ಮರುವರ್ಷ ಮಾವನ ಅಣ್ಣ ಜಗಲಿಗೆ ಬಂದು, ತಮ್ಮನ ಮುಖ ನೋಡದೆ, "ಹೊಸ ಜೋಡಿ ತರ್ತಾ ಇವ್ನಿ. ಅದ್ಕೊಂದು ಜೊತೆ ಹಗ್ಗ ಕೊಡು ಕಣ್ಲಾ" ಎಂದರು.

"ಕೊಡ್ತೀನಿ ಕಣಣ್ಣ. ಸಂತೇಗ್ ಬಾ."

ಅಣ್ಣ ಬಂದರು. ಮರದಡಿ, ಕೊಳ್ಳುವವರ ಹಿಂದೆ ನಿಂತು, ತಮ್ಮ ಸರದಿಗೆ ಕಾದರು.