ಹಳದಿ ಎಚ್ಚರಿಕೆ, ತಪ್ಪಿದ ಎಳೆ

“ಎಳಿ ಹರದು ಒಂದು ಮೊಳ ನೇಯ್ದಾತು, ನಿನ್ನ ಡಬ್ಬಿ ಮಗ್ಗ ನಿಲ್ಲಸವಲ್ದು ನೋಡ ತಂಗಿ!”

ಬೆಟಗೇರಿಯ ನೇಕಾರ ಖಾದರ್ ಕಾಕಾ ಸೀರೆಯನ್ನು ನನ್ನ ಮೂಗಿನ ಮುಂದೆ ಹಿಡಿದರು. ಒಂದು ಮೊಳದುದ್ದಕ್ಕೂ ಎಳೆ ತಪ್ಪಿದ ಗೆರೆ. ಮರುದಿನ ಅದು ಮದುವೆ ಮನೆಗೆ ಹೋಗಬೇಕಿತ್ತು. ಎಳೆ ಹರಿದ ಕೂಡಲೇ ವಿದ್ಯುತ್ ಮಗ್ಗವನ್ನು ನಿಲ್ಲಿಸುವ ಆ ಡಬ್ಬಿಯನ್ನು ನಾನೇ ಮಾಡಿ, ನಾನೇ ಹೊಗಳಿಕೊಂಡು, ಹಿಂದಿನ ದಿನವಷ್ಟೇ ಕೂರಿಸಿದ್ದೆ.

ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ನಾನು ಬರೆದ ಪ್ರೋಗ್ರಾಮನ್ನು ಡಬ್ಬಿಯೊಳಗಿನ ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್, ಒಂದು ಷರತ್ತಿನ ಸಾಲು ಅನುಮಾನಾಸ್ಪದ ಎಂದು ಹಳದಿ ಅಕ್ಷರಗಳಲ್ಲಿ ಎಚ್ಚರಿಸಿತ್ತು. ತಪ್ಪು ತೋರಿಸುವ ಕೆಂಪಲ್ಲವಲ್ಲ ಎಂದು ನಾನು ಓದಿರಲೇ ಇಲ್ಲ. ಎರಡು ಸಮಚಿಹ್ನೆ (==) ಬೇಕಾದಲ್ಲಿ ಒಂದೇ ಹಾಕಿದ್ದೆ. ಎರಡಿದ್ದರೆ ‘ಎಳೆ ಸರಿ ಇದೆಯೇ?’ ಎಂಬ ಪ್ರಶ್ನೆ. ಒಂದೇ ಇದ್ದರೆ ‘ಎಳೆ ಸರಿ ಇದೆ ಅಂದುಕೋ’ ಎಂಬ ಅಪ್ಪಣೆ. ಪಾಪ, ಡಬ್ಬಿ ಅಂದುಕೊಂಡಿತ್ತು.

“ಇದು ಮೊದಲ ಹೇಳಿತ್ತೇನು?” ಕಾಕಾ ಕೇಳಿದರು.

“ಹೇಳಿತ್ರಿ ಕಾಕಾ. ನಾನ ಕೇಳಲಿಲ್ಲ.”

ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ. “ನಿನಕಿಂತ ಅದ ಶ್ಯಾಣ್ಯಾ ಐತಿ. ಚಾ ಅದಕ್ಕ ಕೊಡಬೇಕಿತ್ತು” ಎಂದು ಕಾಕಾ ಲೋಟವನ್ನು ನನ್ನ ಕೈಗಿಟ್ಟು, ಕೆಟ್ಟ ಭಾಗವನ್ನು ಬಿಚ್ಚಲು ಕುಳಿತರು. ಇನ್ನೊಂದು ಸಮಚಿಹ್ನೆ ಸೇರಿಸಲು ನನಗೆ ಒಂದು ಕ್ಷಣ ಸಾಕಾಯಿತು. ಬಿಚ್ಚಿದ್ದನ್ನು ಮತ್ತೆ ನೇಯುವಷ್ಟರಲ್ಲಿ ಅವರಿಗೆ ಸಂಜೆಯಾಯಿತು.

ಅಂದಿನಿಂದ ಹಳದಿ ಸಾಲುಗಳನ್ನು ಓದದೆ ನಾನು ಮುಂದೆ ಹೋಗುವುದಿಲ್ಲ. ಹೇಳಿದ್ದನ್ನು ಕೇಳುವ ಗುಣ ನನಗೆ ಕೊನೆಗೂ ಬಂದಿದೆ, ಅದೂ ಒಂದು ಯಂತ್ರದಿಂದ. ಇಷ್ಟು ವರ್ಷ ಹೇಳಿ ಹೇಳಿ ಸೋತ ಅವ್ವನಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಸಿಲ್ಲ.