ಈಶಾನ್ಯ ಮೂಲೆಯ ನಕ್ಷತ್ರಮೀನು

ನಕ್ಷತ್ರಮೀನಿಗೆ ಮಂಗಳಾರತಿ ಆಗುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ಶುಕ್ರವಾರ ಬೆಳಿಗ್ಗೆ, ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ.

ಮಗಳು ಅನ್ವಿ ಏಳನೇ ಕ್ಲಾಸು. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಬ್ರಿಸಿಂಗ ಎಂಬ ಆಳಸಮುದ್ರದ ನಕ್ಷತ್ರಮೀನಿನ ಮಾಡೆಲ್ ಮಾಡಿದ್ದಳು. ಬಿಸಿಲೇ ಇಳಿಯದ ಜಾಗದಲ್ಲಿ ಅದರ ವಾಸ. ಐದಲ್ಲ, ಹತ್ತು ಹನ್ನೆರಡು ಕೈ. ಎಲ್ಲವನ್ನೂ ಮೇಲೆತ್ತಿ ನಿಂತು, ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ. ಮೆದುಳಿಲ್ಲ, ರಕ್ತವೂ ಇಲ್ಲ. (ಆದರೂ ಆರಾಮಾಗಿದೆ. ಬಿಪಿ ಮಾತ್ರೆ ನುಂಗುವವರು ನಾವು.)

ಜೇಡಿಮಣ್ಣಿನ ಮಾಡೆಲ್‌ಗೆ ಕೇಸರಿ ಬಣ್ಣ ಬಳಿದು, ಗಾಳಿಗೆ ಒಣಗಲಿ ಎಂದು ರಾತ್ರಿ ಲಾಬಿಯ ಮೂಲೆಯಲ್ಲಿಟ್ಟೆವು. ಅದು ಈಶಾನ್ಯ ಮೂಲೆ ಎಂಬುದು ನಮಗೆ ಹೊಳೆಯಲಿಲ್ಲ. ಕೇಸರಿ ಮೈ, ಮೇಲೆತ್ತಿದ ಹನ್ನೊಂದು ಕೈ, ಈಶಾನ್ಯ, ಮೇಲಾಗಿ ಶುಕ್ರವಾರ. ಇನ್ನೇನು ಬೇಕು?

ಬೆಳಿಗ್ಗೆ ಇಳಿದು ನೋಡಿದರೆ ಅರಿಶಿನ, ಕುಂಕುಮ, ಕೈಕೈಗೂ ಕನಕಾಂಬರ. ಎದುರಿಗೆ ಗ್ರೌಂಡ್ ಫ್ಲೋರಿನ ಪದ್ಮಾವತಮ್ಮ ಕರ್ಪೂರ ಬೆಳಗುತ್ತಿದ್ದರು.

"ಆಂಟಿ, ಅದು ನನ್ ಪ್ರಾಜೆಕ್ಟು!" ಅನ್ವಿ ಕಿರುಚಿದಳು.

"ಹಂಗೆಲ್ಲ ಅನ್ಬಾರ್ದು ಕಣಮ್ಮಾ. ಪೂಜೆ ಆಗೋಯ್ತು, ಇನ್ನು ಕದಲಿಸೋ ಹಾಗಿಲ್ಲ. ಮೂರನೇ ದಿನ ಕೆರೆಗೆ ಬಿಡೋಣ."

"ಸ್ಟಾರ್‌ಫಿಶ್ ಕಣ್ರೀ ಅದು" ಎಂದೆ ನಾನು.

"ಯಾಕೆ, ಮತ್ಸ್ಯಾವತಾರ ಇಲ್ವೇನ್ರೀ?"

ಅದು ಮೀನೇ ಅಲ್ಲ ಎಂದು ವಿವರಿಸಲು ಸಮಯವೆಲ್ಲಿ? ಗೇಟಿನಲ್ಲಿ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಪ್ರದರ್ಶನ ಅಂದೇ. ವಾರವಿಡೀ ಮಣ್ಣು ಕಲಸಿದ ಹುಡುಗಿಯ ಕಣ್ಣು ತುಂಬಿತ್ತು. ಆದರೆ ಆರತಿ ತಟ್ಟೆಯ ಎದುರು ವಾದ ಮಾಡುವ ಧೈರ್ಯ ಯಾರಿಗಿದೆ? ಸುಮ್ಮನೆ ಕೈ ಮುಗಿದೆ. (ಹೌದು, ಬ್ರಿಸಿಂಗಕ್ಕೆ.)

ಅನ್ವಿ ಮೂಗು ಒರೆಸಿಕೊಂಡಳು. ನೇರ ಮುಂದೆ ಹೋಗಿ ಮಾಡೆಲ್‌ನ ಒಂದು ಕೈಯನ್ನು ಲಟಕ್ಕನೆ ಮುರಿದಳು.

"ಭಿನ್ನ ಆಯ್ತು ಆಂಟಿ. ಇನ್ನು ಪೂಜೆ ಮಾಡೋ ಹಾಗಿಲ್ಲ ಅಲ್ವಾ?"

ಶಾಸ್ತ್ರ ಅಂದರೆ ಶಾಸ್ತ್ರ. ಪದ್ಮಾವತಮ್ಮ ಆರತಿ ತಟ್ಟೆ ಎತ್ತಿಕೊಂಡು ದಾರಿ ಬಿಟ್ಟರು.

"ನಿಜವಾದ ಬ್ರಿಸಿಂಗಾನೂ ಹಿಂಗೇ ಅಪ್ಪಾ" ಎಂದಳು ಮಾಡೆಲ್ ಎತ್ತಿಕೊಂಡು ವ್ಯಾನ್ ಹತ್ತುತ್ತಾ. "ಯಾರಾದ್ರೂ ಹಿಡ್ಕೊಂಡ್ರೆ ಕೈ ಕಳಚಿಟ್ಟು ತಪ್ಪಿಸ್ಕೊಳ್ಳುತ್ತೆ. ಆಮೇಲೆ ಹೊಸದು ಬೆಳೆಯುತ್ತೆ."

ಸಂಜೆ ಬಹುಮಾನದೊಂದಿಗೆ ಬಂದಳು. (ಕುಂಕುಮ ಒರೆಸಲು ಮರೆತಿದ್ದಳು. ಜಡ್ಜ್ ಒಬ್ಬರು ಚಪ್ಪಲಿ ಬಿಟ್ಟು ನೋಡಿದರಂತೆ.)

ಲಾಬಿಗೆ ಬಂದರೆ, ಬೆಳಗಿನ ಕಥೆ ಗೊತ್ತಿಲ್ಲದ ಯಾರೋ, ಅಲ್ಲೇ ಬಿದ್ದಿದ್ದ ಆ ಮುರಿದ ಕೈಯನ್ನು ಅದೇ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಅರಿಶಿನ ಹಚ್ಚಿದ್ದಾರೆ.

ಕೆಲವು ಜಾತಿಯ ನಕ್ಷತ್ರಮೀನುಗಳಲ್ಲಿ ಮುರಿದ ಒಂದು ಕೈಯಿಂದಲೇ ಇಡೀ ಮೈ ಬೆಳೆಯುತ್ತದಂತೆ. ನಮ್ಮ ಲಾಬಿಯಲ್ಲಿ ಆ ಕೈಯ ಪಕ್ಕ ಸದ್ಯಕ್ಕೆ ಪೂಜೆಯ ಗಂಟೆಯೊಂದು ಬಂದಿದೆ.