ಪುಣೆಯ ತುಟ್ಟಿ, ಸಿಂದಗಿಯ ರೊಟ್ಟಿ

ಯಾವ ಊರು ತುಟ್ಟಿ, ಯಾವ ಊರು ಸೋವಿ ಎಂದು ನನ್ನನ್ನು ಮಾತ್ರ ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ, ಅದೇ ಭಯ. ಈ ಚಟ ನನಗೆ ಮೊದಲಿನಿಂದಲೂ ಇದೆ. ಬಸ್ಸು ಸ್ವಲ್ಪ ಹೊತ್ತು ನಿಂತ ಊರಿನಲ್ಲಿ ಒಂದು ಕಪ್ ಚಹಾ ಕುಡಿದು, ಅಷ್ಟರ ಆಧಾರದ ಮೇಲೆ ಅಲ್ಲಿ ಸಂಸಾರ ಹೂಡುವುದು ಸುಲಭವೋ ಕಷ್ಟವೋ ಎಂದು ತೀರ್ಪು ಕೊಟ್ಟವನು ನಾನು. ಆ ಚಹಾದ ದುಡ್ಡನ್ನು ಕೂಡ ಬಹುಮಟ್ಟಿಗೆ ಜೊತೆಗಿದ್ದವರೇ ಕೊಟ್ಟಿರುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಸಿಂದಗಿಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ನಾನು ಕಾರಕೂನನಾಗಿದ್ದೆ. ಹೆಂಡತಿ ನೀಲವ್ವ, ಮೂರು ಮಕ್ಕಳು. ಹೊಟ್ಟೆ ಬಟ್ಟೆಗೆ ಕೊರತೆ ಇರಲಿಲ್ಲ. ಹೀಗಿರುವಾಗ ಪುಣೆಯಲ್ಲಿದ್ದ ನನ್ನ ದೊಡ್ಡಪ್ಪನ ಮಗ ಮಲ್ಲಣ್ಣ, ತನ್ನ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿ ಇದೆ, ಸಂಬಳ ಈಗಿನದರ ಒಂದೂವರೆ ಪಟ್ಟು, ತಡಮಾಡದೆ ಬಾ ಎಂದು ಹೇಳಿ ಕಳಿಸಿದ. ಫ್ಯಾಕ್ಟರಿಯ ಸಾವುಕಾರರು ಸಂತೋಷಪಟ್ಟರು. ಸಂತೋಷದ ಜೊತೆಗೆ ಒಂದು ಮಾತನ್ನೂ ಸೇರಿಸಿದರು: “ಹೋಗೋದಾದ್ರ ಹೋಗ್ರಿ. ಆದ್ರ ನಿಮ್ಮ ಕುರ್ಚಿ ನಿಮ್ಮ ಹಾದಿ ನೋಡ್ಕೋತ ಖಾಲಿ ಕುಂಡ್ರೂದಿಲ್ಲ ಮತ್ತ.” ಅಂದರೆ, ಅಂದಾಜು ತಪ್ಪಿದರೆ ತಿರುಗಿ ಬರಲು ಜಾಗವಿಲ್ಲ, ಮಕ್ಕಳನ್ನು ಕಟ್ಟಿಕೊಂಡು ಪರರಾಜ್ಯದಲ್ಲಿ ಕೈಕೈ ಹಿಸುಕಿಕೊಳ್ಳಬೇಕು.

ಸುದ್ದಿ ಹೊರಬಿದ್ದದ್ದೇ ತಡ, ಸುತ್ತಲ ತಾಲೂಕುಗಳ ಬಂಧುಬಳಗ ಬುದ್ಧಿ ಹೇಳಲು ಬಂದಿತು. ಇಂಡಿಯಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದ ಗೆಳೆಯ, “ಅಲ್ಲಿ ನಿಂಬಿಕಾಯಿ ಒಂದೊಂದ ಎಣಿಸಿ ಮಾರ್ತಾರಂತೋ” ಎಂದು ಯಾರೋ ತೀರಿಹೋದ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. ಮುದ್ದೇಬಿಹಾಳದ ಮಾವ, “ನೀರಿಗೂ ರೊಕ್ಕ ಐತಂತ, ಖರೇ ಏನು?” ಎಂದರು. ಬಸವನ ಬಾಗೇವಾಡಿಯ ನಮ್ಮಕ್ಕನದು ಬೇರೆಯೇ ಚಿಂತೆ. “ಅಲ್ಲೋ, ಹಾಲಿಗೆ ಹೆಪ್ಪು ಬೇಕಾದ್ರ ಯಾರ ಮನಿಗೆ ಕೇಳಾಕ ಹೋಗ್ತಾಳೋ ನಿನ್ನ ಹೇಂತಿ?”

ನಾನು ನಕ್ಕುಬಿಟ್ಟೆ. ಹೆಪ್ಪಿಗೆ ಯಾರಾದರೂ ಧಾರಣೆ ಕಟ್ಟುತ್ತಾರೆಯೇ? ಈಗ ಅನ್ನಿಸುತ್ತದೆ, ಅಂದು ಜೀವನವೆಚ್ಚದ ವಿಷಯದಲ್ಲಿ ಬುದ್ಧಿವಂತಿಕೆಯ ಮಾತಾಡಿದವಳು ಅವಳೊಬ್ಬಳೇ. ಹಲ್ಲುಜ್ಜಲು ಬೇವಿನ ಕಡ್ಡಿ, ಪಕ್ಕದ ಮನೆಯ ಮಜ್ಜಿಗೆ, ಸಂತೆಯಲ್ಲಿ ಬದನೆಕಾಯಿ ಕೊಂಡರೆ ಮೇಲೆ ಉದುರಿಸುವ ಕೊತ್ತಂಬರಿ, ಎಳೆ ಜೋಳ ಕಾಳುಗಟ್ಟಿದಾಗ ಯಾರದೋ ಹೊಲದಲ್ಲಿ ಕೂತು ತೆನೆ ಸುಟ್ಟು ತಿನ್ನುವ ಬಿಸಿಬಿಸಿ ಸೀತನಿ: ಇವುಗಳಲ್ಲಿ ಒಂದಕ್ಕೂ ನಾನು ದುಡ್ಡು ಕೊಟ್ಟವನಲ್ಲ. ಕೊಡದೆ ಇದ್ದದ್ದರಿಂದ ಅವು ನನ್ನ ಖರ್ಚು ಎಂದು ನನಗೆ ಗೊತ್ತೇ ಇರಲಿಲ್ಲ.

ಕೂತು ಚರ್ಚೆ ಮಾಡಿ ಏನು ಬಂತು, ಒಂದು ವಾರ ಅಲ್ಲಿದ್ದು ಕಣ್ಣಾರೆ ನೋಡಿ ಬರುತ್ತೇನೆ ಎಂದು ಹೊರಟೆ. ನಮ್ಮ ಕಡೆ ಪರಸ್ಥಳಕ್ಕೆ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ನೀಲವ್ವ ಎರಡು ದಿನ ಒಲೆಯ ಮುಂದೆ ಕೂತು ಖಡಕ್ ರೊಟ್ಟಿ ಬಡಿದಳು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಜೋಳವನ್ನೇ ಒಂದು ಚೀಲ ಒಯ್ಯಬಹುದಿತ್ತಲ್ಲ ಎಂದರೆ, ಧಾನ್ಯವನ್ನು ರಾಜ್ಯ ದಾಟಿಸಬಾರದು ಎಂದು ಗಡಿಯಲ್ಲಿ ತಡೆಯುತ್ತಿದ್ದ ಕಾಲ ಅದು. ಆದರೆ ಜೋಳ ಬೆಂದು ರೊಟ್ಟಿಯಾದ ಮೇಲೆ ಅದನ್ನು ಯಾವ ಕಾಯ್ದೆಯೂ ತಡೆಯುತ್ತಿರಲಿಲ್ಲ. ಸರ್ಕಾರಕ್ಕೂ ಹಸಿವಿನ ವಿಷಯದಲ್ಲಿ ಒಂದಿಷ್ಟು ಸಂಕೋಚ ಇದ್ದೇ ಇರುತ್ತದೆ. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ರೊಟ್ಟಿಯ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಪುಣೆ ಸೇರಿದೆ.

ಪುಣೆಯಲ್ಲಿ ನಾನು ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದೆ. ಮಲ್ಲಣ್ಣನ ಜೊತೆ ಕಾಯಿಪಲ್ಲೆಯ ಮಂಡಿಗೆ ಹೋದೆ, ಸಿಟಿ ಬಸ್ಸು ಹತ್ತಿದೆ, ಎರಡು ಹೋಟೆಲುಗಳಲ್ಲಿ ತಿಂದೆ. ಎಲ್ಲಿ ಕಿಸೆಗೆ ಕೈ ಹಾಕಿದರೂ ಮಲ್ಲಣ್ಣ ನನ್ನ ಮಣಿಕಟ್ಟು ಹಿಡಿಯುತ್ತಿದ್ದ. “ಏ, ಬಂದ ಮನಶ್ಯಾ ರೊಕ್ಕ ತೆಗದ್ರ ಮನಗೂಳಿ ಮಂದಿ ನನಗ ಏನಂದಾರು?” ಎನ್ನುತ್ತಿದ್ದ. ಮನಗೂಳಿ ಅವನ ಊರು. ಆ ಹೋಟೆಲಿನಿಂದ ದಿನದ ದಾರಿ. ಆದರೂ ಮನಗೂಳಿಯ ಮಂದಿ ನಮ್ಮನ್ನೇ ನೋಡುತ್ತಿದ್ದಾರೆ ಎಂದು ಇಬ್ಬರಿಗೂ ನಂಬಿಕೆ. ಮನೆಯಲ್ಲಿ ಅವನ ಹೆಂಡತಿ ಕಸ್ತೂರಿ ವೈನಿಯನ್ನು, “ತಿಂಗಳಿಗೆ ಸಾಕಾಗ್ತೈತೇನ್ರಿ ವೈನಿ?” ಎಂದು ಕೇಳಿದೆ. “ನಡೀತೈತಿ ನೋಡ್ರಿ” ಎಂದು ನಕ್ಕು, ನನ್ನ ತಾಟಿಗೆ ಇನ್ನೊಂದು ಚಪಾತಿ ಹಾಕಿದರು. ಮೆತ್ತಗಿನ ಚಪಾತಿ, ಮೇಲೆ ತುಪ್ಪ. ಪುಣೆಯಲ್ಲಿ ದಿನವೂ ಹೀಗೆ ಉಣ್ಣುತ್ತಾರೆ ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ವಾರ ಮುಗಿಸಿ ಊರಿಗೆ ಬಂದು ನೋಡುತ್ತೇನೆ, ಒಯ್ದ ದುಡ್ಡಿನಲ್ಲಿ ರೈಲಿನ ಟಿಕೀಟು ಬಿಟ್ಟರೆ ಏನೂ ಖರ್ಚಾಗಿರಲಿಲ್ಲ. ಇದಕ್ಕಿಂತ ಪುರಾವೆ ಏನು ಬೇಕು? ಪುಣೆ ಸಿಂದಗಿಗಿಂತ ಸೋವಿ ಎಂದು ಸಾರಿದೆ. ಅಷ್ಟಕ್ಕೇ ಬಿಡದೆ ಕಾರಣವನ್ನೂ ಕೊಟ್ಟೆ: ದೊಡ್ಡ ಊರಿಗೆ ಸರಕು ಹೆಚ್ಚು ಬರುತ್ತದೆ, ಸರಕು ಹೆಚ್ಚಿದಂತೆ ಧಾರಣೆ ಇಳಿಯುತ್ತದೆ, ಸಾಲದ್ದಕ್ಕೆ ಸಮುದ್ರವೂ ಹತ್ತಿರ. ಸಮುದ್ರಕ್ಕೂ ಬದನೆಕಾಯಿಗೂ ಏನು ಸಂಬಂಧ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ನೀಲವ್ವ ಮಾತ್ರ, “ನೀವು ಅಲ್ಲಿ ಏನರ ಕೊಂಡು ನೋಡಿದ್ರ್ಯಾ?” ಎಂದಳು. “ಮಲ್ಲಣ್ಣ ಕೊಳ್ಳಾಕ ಬಿಡಬೇಕಲ್ಲ!” ಎಂದು ಹೆಮ್ಮೆಯಿಂದ ಹೇಳಿದೆ. ಅವಳು ಪಾತ್ರೆ ಕಟ್ಟತೊಡಗಿದಳು.

ಪುಣೆಗೆ ಹೋಗಿ ಬಿಡಾರ ಹೂಡಿದೆವು. ಮೊದಲ ಬೆಳಿಗ್ಗೆ ಮಕ್ಕಳು ಹಲ್ಲುಜ್ಜಲು ಬೇವಿನ ಮರ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರು, ಹಲ್ಲುಪುಡಿ ಕೊಂಡೆ. ಅಲ್ಲಿಂದ ಕಿಸೆ ಬಾಯಿ ಮುಚ್ಚಲಿಲ್ಲ. ಸಗಣಿ ಕುಳ್ಳಿನ ಬದಲು ಸೀಮೆಎಣ್ಣೆ, ಮಜ್ಜಿಗೆಗೆ ದುಡ್ಡು, ಕೊತ್ತಂಬರಿಗೆ ದುಡ್ಡು; ನಿಂಬೆಕಾಯಿಯನ್ನು ಇಂಡಿಯ ಗೆಳೆಯ ಹೇಳಿದಂತೆಯೇ ಎಣಿಸಿ ಕೊಟ್ಟರು. ತಿಂಗಳು ಅರ್ಧ ದಾಟುವಷ್ಟರಲ್ಲಿ ಒಂದೂವರೆ ಪಟ್ಟು ಸಂಬಳ ಕರಗಿಹೋಯಿತು. ಸಿಂದಗಿಯ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಕ್ಕಳ ಮುಖ ನೋಡಲು ನಾಚಿಕೆಯಾಯಿತು.

ನೀಲವ್ವ ಬೈಯಲಿಲ್ಲ. ಸೀದಾ ಕಸ್ತೂರಿ ವೈನಿಯ ಮನೆಗೆ ಹೋದಳು, ಹಿಂದೆ ನಾನು. “ವೈನಿ, ಇವರು ಬಂದಿದ್ದಾಗ ಒಂದು ವಾರ ಹ್ಯಾಂಗ ನಿಭಾಯಿಸಿದ್ರಿ?” ಎಂದು ಕೇಳಿದಳು. ನನಗೆ ಸಿಗದ ಉತ್ತರ ಅವಳಿಗೆ ಸಿಕ್ಕಿತು. ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ನೀ ಕಳಿಸಿದ ರೊಟ್ಟಿ ಇದ್ವಲ್ಲವಾ ನೀಲಾ! ಇವರಿಗೊಬ್ಬರಿಗೆ ಚಪಾತಿ ಮಾಡ್ತಿದ್ದೆ. ನಾವೆಲ್ಲಾ ವಾರಪೂರ್ತಿ ನಿನ್ನ ರೊಟ್ಟಿ, ನಿನ್ನ ಹಿಂಡೀನ ಉಂಡ್ವಿ.”

ಇಷ್ಟು ನನ್ನ ಅಧ್ಯಯನ. ಪುಣೆಯಲ್ಲಿ ಕೂತು ನಾನು ಕಂಡುಹಿಡಿದದ್ದು ಸಿಂದಗಿಯ ಸೋವಿಯನ್ನು. ತುಪ್ಪದ ಚಪಾತಿ ತಿನ್ನುತ್ತ, ಆ ಮನೆಯವರ ತಾಟಿನಲ್ಲಿ ಏನಿದೆ ಎಂದು ನಾನು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ಆಮೇಲೆ ವೈನಿ ನೀಲವ್ವನಿಗೆ ಯಾವ ಹೊತ್ತಿಗೆ ಮಂಡಿಗೆ ಹೋಗಬೇಕು, ಯಾವುದನ್ನು ಕೊಳ್ಳಲೇಬಾರದು ಎಂದೆಲ್ಲ ಕಲಿಸಿದರು. ಹೆಪ್ಪು ಕೂಡ ಅವರ ಮನೆಯಿಂದಲೇ ಬಂತು. ಹೇಗೋ ನಿಂತುಕೊಂಡೆವು. ನಿಂತುಕೊಂಡ ಮೇಲೆ ನೆಂಟರು ಬರತೊಡಗಿದರು. ಎಲ್ಲರ ಕೈಯಲ್ಲೂ ರೊಟ್ಟಿಯ ಗಂಟು. ಅವರಿಗೆ ಚಪಾತಿ, ನಮಗೆ ರೊಟ್ಟಿ. ನಾನೂ ಅವರ ಮಣಿಕಟ್ಟು ಹಿಡಿಯುವುದನ್ನು ಕಲಿತೆ. ಬಂದವರೆಲ್ಲ ಊರಿಗೆ ಹೋಗಿ ಪುಣೆ ಬಲು ಸೋವಿ ಎಂದು ಸಾರಿದರು.

ಒಂದು ಸಲ ಮುದ್ದೇಬಿಹಾಳದಿಂದ ನೀಲವ್ವನ ತಮ್ಮ ಸಂಗಪ್ಪ ಬಂದ. ಅವನಿಗೂ ಹೆಂಡತಿ, ಮಕ್ಕಳು. ಪುಣೆಯಲ್ಲಿ ಕೆಲಸದ ಮಾತು ನಡೆದಿತ್ತು. ಊರಲ್ಲಿ ಅವನ ಕುರ್ಚಿಯೂ ಅವನಿಗಾಗಿ ಕಾಯುವಂತಿರಲಿಲ್ಲ. ಚಪಾತಿ ಮುರಿಯುತ್ತ ಕೇಳಿದ: “ಮಾಮಾ, ಇಲ್ಲಿ ತುಟ್ಟಿ ಏನು?” ನನ್ನ ತಾಟಿನಲ್ಲಿ ಅವನೇ ತಂದ ರೊಟ್ಟಿ ಇತ್ತು. ಹೌದು ಎಂದರೆ ಬಂದವನಿಗೆ ನೀನು ನಮಗೆ ಹೊರೆಯಾದೆ ಎಂದಂತೆ. ಇಲ್ಲ ಎಂದರೆ ಅವನ ಮಕ್ಕಳಿಗೆ ಮೋಸ. “ನಡೀತೈತಿ ನೋಡು” ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ನೀಲವ್ವ ಗೂಟದ ಮೇಲಿದ್ದ ಖಾಲಿ ಚೀಲವನ್ನು ತಂದು ತಮ್ಮನ ತೊಡೆಯ ಮೇಲೆ ಹಾಕಿದಳು. “ಉಂಡ ಮ್ಯಾಲ ಹೋಗಿ ಸಂಜಿಗೆ ಕಾಯಿಪಲ್ಲೆ ತಗೊಂಬಾ. ನಿನ್ನ ರೊಕ್ಕದಾಗ.”

“ಏ ನೀಲಾ, ಬಂದ ಮನಶ್ಯಾಗ...” ಎಂದು ನಾನು ಎದ್ದು ನಿಂತೆ. ಮುದ್ದೇಬಿಹಾಳದ ಮಂದಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಎನ್ನಿಸಿತು.

“ನೀವು ಕುಂಡ್ರಿ. ಅಂವ ನನ್ನ ತಮ್ಮ ಅದಾನ.”

ಸಂಗಪ್ಪ ಹೋದ. ಬಹಳ ಹೊತ್ತು ಬಿಟ್ಟು ಬಂದು, ಅರ್ಧವೂ ತುಂಬದ ಚೀಲವನ್ನು ಅಕ್ಕನ ಮುಂದಿಟ್ಟು ಕೂತ. “ಅಕ್ಕಾ, ನಾ ಬಂದಾಗಿಂದ ನೀವು ನಮ್ಮ ರೊಟ್ಟೀನ ಉಣ್ಣಾಕತ್ತೀರಿ ಹೌದಿಲ್ಲೋ?” ಎಂದ. ನೀಲವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

ಅವನು ಕೊನೆಗೆ ಪುಣೆಗೇ ಬಂದ. ಆದರೆ ಬರುವ ಮೊದಲು ಸಂಬಳವನ್ನು ಇನ್ನಷ್ಟು ಹೆಚ್ಚಿಸಿ ಕೇಳಿ, ಕೊಡುತ್ತೇವೆ ಎಂದ ಮೇಲೆಯೇ ಬಂದ. ಈಗಲೂ ಯಾರಾದರೂ ನೆಂಟರು ಬಂದು ಊಟಕ್ಕೆ ಕೂತು ಪುಣೆ ತುಟ್ಟಿ ಏನು ಎಂದು ಕೇಳಿದರೆ, ಹೇಳಿಬಿಡುವ ಚಟ ಎಷ್ಟೇ ಎಳೆದರೂ ನಾನು ಬಾಯಿ ತೆರೆಯುವುದಿಲ್ಲ. ಎದ್ದು ಹೋಗಿ ಗೂಟದ ಮೇಲಿನ ಚೀಲ ತರುತ್ತೇನೆ.